ತಂಗಿಯ ತೋಳು

ನನ್ನ ತಂಗಿ ಸುವರ್ಣಾ ಒರಳಿನ ಗುಂಡನ್ನು ಎತ್ತಿದ ಸಂಜೆ ನಾನು ಹಿತ್ತಲ ಬಾಗಿಲಲ್ಲಿ ನಿಂತು ಪೇರಲಹಣ್ಣು ತಿನ್ನುತ್ತಿದ್ದೆ. ಅವಳ ಗೋಲಿಯೊಂದು ಗುಂಡಿನ ಪಕ್ಕದ ಸಂದಿಯಲ್ಲಿ ಜಾರಿ ಒರಳಿನ ತಳ ಸೇರಿತ್ತು. ಬೇರೆ ಯಾವ ಮಗುವಾದರೂ ಅವ್ವನನ್ನು ಕೂಗುತ್ತಿತ್ತು. ಸುವಿ ಕೂಗಲಿಲ್ಲ. ಲಂಗವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತಳು, ಗುಂಡನ್ನು ಎರಡೂ ಕೈಯಿಂದ ತಬ್ಬಿ ಎದೆಗೊತ್ತಿಕೊಂಡು ಎದ್ದು ನಿಂತಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು, ಗೋಲಿ ತೆಗೆದುಕೊಂಡು, ಮತ್ತೆ ಗುಂಡನ್ನು ಎತ್ತಿ ಒರಳಿನಲ್ಲಿಟ್ಟಳು. ಆಗ ಅವಳಿಗೆ ಒಂಬತ್ತೋ ಹತ್ತೋ ಇರಬೇಕು. ಅವಳಿಗಿಂತ ಮೂರು ವರ್ಷ ದೊಡ್ಡವಳಾದ ನನಗೆ ಆ ಗುಂಡನ್ನು ವಾಲಿಸಲು ಸಹ ಬರುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆದರೆ ಬಾವಿಕಟ್ಟೆಯ ಬಳಿ ಮುಖ ತೊಳೆಯುತ್ತಿದ್ದ ಕಸ್ತೂರಿ ಅತ್ತಿ ಅದನ್ನು ನೋಡಿದಳು. ಟವೆಲ್ಲು ಗಲ್ಲದ ಮೇಲೆಯೇ ನಿಂತಿತು. ಅವಳು ನನ್ನ ತಂಗಿಯನ್ನು ನೋಡಿದ ಆ ನೋಟ ಅಲ್ಲಿಯವರೆಗೆ ನನ್ನದಾಗಿತ್ತು.

ಕಸ್ತೂರಿ ಅತ್ತಿ ಅಪ್ಪನ ತಂಗಿ. ಬೆಳಗಾವಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಖಾನಾಪುರದ ನಮ್ಮ ಮನೆಯಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೆರಗಿನೊಳಗೆ ಅಡಗಿದ ಸೀಟಿ. ಕೆಲಸ ಬಿಡುವುದಿಲ್ಲ ಎಂದದ್ದಕ್ಕೆ ಅವಳಿಗೆ ಗೊತ್ತಾಗಿದ್ದ ಸಂಬಂಧ ತಪ್ಪಿತ್ತೆಂದು ಮನೆಯಲ್ಲಿ ಒಮ್ಮೊಮ್ಮೆ ಮಾತು ಬರುತ್ತಿತ್ತು. ಅವಳು ಎದ್ದು ಹಿತ್ತಲಿಗೆ ಹೋದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಬೂಟುಗಳಿಗೆ ಪ್ರತಿ ಭಾನುವಾರ ಸೀಮೆಸುಣ್ಣ ಬಳಿಯುವವಳು ನಾನು. ಸಂಜೆ ಸ್ಟೇಷನ್ನಿಗೆ ಎದುರು ಹೋಗಿ ಅವಳ ಚೀಲ ಹಿಡಿದುಕೊಂಡು ಬರುವವಳೂ ನಾನೇ. ದಾರಿಯುದ್ದಕ್ಕೂ ಅವಳು ಶಾಲೆಯ ಹುಡುಗಿಯರ ಕಥೆ ಹೇಳುತ್ತಿದ್ದಳು. ಯಾರು ಓಡಿದರು, ಯಾರು ಬಿದ್ದರು, ಯಾರು ಹೊಟ್ಟೆನೋವೆಂದು ಸುಳ್ಳು ಹೇಳಿ ನೆರಳಲ್ಲಿ ಕೂತರು. ಗುಂಡು ಎತ್ತಿದ ಮರುದಿನ ನಾನು ಸ್ಟೇಷನ್ನಿಗೆ ಹೋದಾಗ ಅತ್ತಿ ಕೇಳಿದ ಮೊದಲ ಮಾತು, ಸುವಿ ಎಲ್ಲಿ ಎಂದು.

ನಮ್ಮ ಮನೆ ರೈಲಿನ ಡಬ್ಬಿಯಂತೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ಅಲ್ಲಿ ತಾಲೂಕು ಕಚೇರಿಯ ಗುಮಾಸ್ತನಾಗಿದ್ದ ಅಪ್ಪನ ಕುರ್ಚಿ. ನಡುವೆ ಕತ್ತಲ ಕೋಣೆ, ಅಲ್ಲಿ ಹಾಸಿಗೆಗಳ ರಾಶಿ. ಅದರಾಚೆ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಲಿಂಗಪೂಜೆ ಮಾಡುವ ಮೂಲೆ, ಅಡಿಗೆಮನೆ, ಕೊನೆಗೆ ಬೆಳಕೆಲ್ಲ ಒಂದೇ ಕಡೆ ಸುರಿದಂತಿದ್ದ ಹಿತ್ತಲು. ಈ ಉದ್ದದ ಮನೆಯಲ್ಲಿ ಯಾರು ಯಾರ ಜೊತೆ ಏನು ಮಾತಾಡಿದರೂ ಎಲ್ಲರಿಗೂ ಕೇಳಿಸುತ್ತಿತ್ತು. ಹಾಗಾಗಿ ಸುವಿಯನ್ನು ಗುಂಡು ಎಸೆಯುವ ಆಟಕ್ಕೆ ತಯಾರು ಮಾಡುತ್ತೇನೆಂದು ಅತ್ತಿ ಹಿತ್ತಲಲ್ಲಿ ಹೇಳಿದ್ದು ಪಡಸಾಲೆಯಲ್ಲಿದ್ದ ನನಗೂ ಕೇಳಿಸಿತು. ಮೊದಲು ಮಲಪ್ರಭೆಯ ದಂಡೆಯಿಂದ ತಂದ ಒಂದು ದುಂಡು ಕಲ್ಲು, ಆಮೇಲೆ ಶಾಲೆಯಿಂದ ತಂದ ಕಬ್ಬಿಣದ ಗುಂಡು. ಹಳೆಯ ಸೀರೆಯನ್ನು ಸಿಂಬೆ ಸುತ್ತಿ ಅದರ ಮೇಲೆ ಗುಂಡನ್ನಿಟ್ಟು ಮಂಚದ ಕೆಳಗೆ ಇಡುತ್ತಿದ್ದರು. ಆಯಿ ಅದನ್ನು ನೋಡಿ, ಇದಕ್ಕೂ ವಿಭೂತಿ ಹಚ್ಚಬೇಕೇನು ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅತ್ತಿ ಅನ್ಯಾಯ ಮಾಡಿದಳೆಂದು ಹೇಳಲಾರೆ. ಬೆಳಗಿನ ಸಾಮಿಗೆ ಇಬ್ಬರನ್ನೂ ಕರೆದಳು. ನದಿಯವರೆಗೆ ಓಟ, ಬಂದು ಬಸ್ಕಿ, ಆಮೇಲೆ ದಂಡ, ಕೊನೆಗೆ ಕಲ್ಲು ಹಿಡಿದು ತಲೆಯ ಮೇಲೆ ಎತ್ತುವುದು. ಶಾಲೆಯಲ್ಲಿ ಎಲ್ಲ ಹುಡುಗಿಯರಿಗೂ ಅವಳು ಮಾಡಿಸುತ್ತಿದ್ದದ್ದು ಅದನ್ನೇ. ಸುವಿಯ ಮೈ ಗಿಡ್ಡ, ಅಗಲ. ಬಸ್ಕಿ ಹೊಡೆಯುವಾಗ ಚೆಂಡು ಪುಟಿದಂತೆ ಪುಟಿಯುತ್ತಿದ್ದಳು. ನಾನು ಆ ವರ್ಷ ಏಕಾಏಕಿ ಬೆಳೆದು ಕೊಕ್ಕರೆಯಂತಾಗಿದ್ದೆ. ಕೂತರೆ ಮೊಣಕಾಲುಗಳು ಕಿವಿಯ ಹತ್ತಿರ ಬರುತ್ತಿದ್ದವು, ಎದ್ದರೆ ಎಲ್ಲಿಯೋ ಒಂದು ಕೀಲು ಲಟಕ್ ಅನ್ನುತ್ತಿತ್ತು. ದಂಡ ಹೊಡೆಯುವಾಗ ನನ್ನ ಬೆನ್ನು ಜೋಲಿಯಂತೆ ಇಳಿಬೀಳುತ್ತಿತ್ತು. ಅತ್ತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ನನ್ನ ಕಡೆ ಒಮ್ಮೆ ನೋಡಿ, ಸಾಕು ಕೂತುಕೋ ಎಂದು ಹೇಳಿ, ಸುವಿಯ ಹೆಗಲನ್ನು ಎರಡೂ ಕೈಯಿಂದ ಹಿಡಿದು ಅದು ಹೇಗೆ ತಿರುಗಬೇಕೆಂದು ತೋರಿಸಲು ಹೋಗುತ್ತಿದ್ದಳು. ಕೂತಲ್ಲಿಂದ ನಾನು ಆ ಕೈಗಳನ್ನು ನೋಡುತ್ತಿದ್ದೆ.

ಊಟದ ಹೊತ್ತಿಗೂ ಈ ಸಂಕಟ ಬಂತು. ಒಂದು ರಾತ್ರಿ ಅನ್ನ ಸಾರಿನ ನಡುವೆ ಅತ್ತಿ ಮೊಟ್ಟೆಯ ಮಾತೆತ್ತಿ ಅವ್ವನಿಗೆ ಹೇಳಿದಳು:

“ವೈನಿ, ಸುವಿಗೆ ದಿನಾ ಒಂದ ತತ್ತಿ ಕೊಡಬೇಕ್ರಿ. ಬೆಳಿಯೂ ಮೈ ಐತಿ.”

ಅವ್ವ ಬಾಯಿ ತೆರೆಯುವ ಮೊದಲೇ ಆಯಿ ತಟ್ಟೆಯಿಂದ ಕೈ ಎತ್ತಿದಳು.

“ಈ ಮನ್ಯಾಗ ಲಿಂಗ ಐತಿ, ಕಸ್ತೂರಿ. ತತ್ತಿ ಒಳಗ ಬಂತಂದ್ರ ನಾ ಹೊರಗ ಹೋಗ್ತೀನಿ.”

ಎರಡು ದಿನ ತಾಯಿಯೂ ಮಗಳೂ ಮಾತಾಡಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಮೂರನೆಯ ದಿನ ಅವ್ವ ತಾನೇ ಒಂದು ದಾರಿ ಹುಡುಕಿದಳು. ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು, ಶೇಂಗಾ ಹುರಿದು ಬೆಲ್ಲ ಕೂಡಿಸಿ ಉಂಡೆ ಕಟ್ಟಿದಳು, ರಾತ್ರಿಯ ಹಾಲಿನ ಕೆನೆಯನ್ನು ಸುವಿಯ ಲೋಟಕ್ಕೆ ಬಗ್ಗಿಸಿದಳು. ನನಗೂ ಕಾಳು, ಉಂಡೆ ಎಲ್ಲ ಇತ್ತು. ಕೆನೆ ಇರಲಿಲ್ಲ. ಅದಕ್ಕೂ ಮೊದಲು ನನಗೆ ಕೆನೆಯೆಂದರೆ ವಾಕರಿಕೆ. ಅವ್ವ ಸೋಸಿ ಕೊಡಬೇಕಿತ್ತು. ಆದರೆ ಅದು ತಂಗಿಯ ಲೋಟಕ್ಕೆ ಹೋಗತೊಡಗಿದ ಮೇಲೆ ನನಗೆ ಅದರ ಆಸೆ ಹುಟ್ಟಿತು. ಅವಳ ಮೇಲ್ದುಟಿಯ ಮೇಲೆ ಮೆತ್ತಿದ ಬಿಳಿ ಗೆರೆಯನ್ನು ನೋಡುತ್ತಾ ಕೂತರೆ ನನ್ನ ಹಾಲು ಆರಿಹೋಗುತ್ತಿತ್ತು. ಹೊಟ್ಟೆಕಿಚ್ಚು ಎಂಬ ಪದವನ್ನು ಮಾಡಿದವರು ಅದನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದು ಆ ಅಡಿಗೆಮನೆಯಲ್ಲಿ.

ಒಂದು ಯೋಚನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಂಗಿ ಮಾಡುವುದನ್ನೇ ಅವಳಿಗಿಂತ ಹೆಚ್ಚು ಮಾಡಿದರೆ ಅವಳ ಮೈಯೇ ನನಗೂ ಬರುತ್ತದೆ. ಶಾಲೆಯಿಂದ ಬಂದವಳು ನಡುವಿನ ಕತ್ತಲ ಕೋಣೆಗೆ ಸೇರಿಕೊಂಡು, ಹಾಸಿಗೆಗಳ ರಾಶಿಯ ಮರೆಯಲ್ಲಿ ಕಬ್ಬಿಣದ ಗುಂಡನ್ನು ಎದೆಗೆ ಹಿಡಿದು ಬಸ್ಕಿ ಹೊಡೆಯತೊಡಗಿದೆ. ಮೊಣಕಾಲು ನೋಯುತ್ತಿತ್ತು. ನೋವು ಬಂದರೆ ಬಲ ಬರುತ್ತಿದೆ ಎಂದೇ ಅರ್ಥವೆಂದು ತಿಳಿದು ಇನ್ನಷ್ಟು ಹೊಡೆದೆ. ನಾಗರಪಂಚಮಿ ಬಂತು. ಓಣಿಯ ತುದಿಯ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೊಸ ಲಂಗ ಉಟ್ಟು, ಉಂಡಿ ತಿಂದು, ಹುಡುಗಿಯರೆಲ್ಲ ಇಬ್ಬಿಬ್ಬರಾಗಿ ನಿಂತು ಜೀಕುತ್ತಿದ್ದರು. ನಾನೂ ಸುವಿಯೂ ಎದುರುಬದುರು ನಿಂತೆವು. ಜೀಕಲು ಮೊಣಕಾಲು ಮಡಿಸಬೇಕು. ನನ್ನವು ಮಡಿಯಲೇ ಇಲ್ಲ. ಸುವಿ ಒಬ್ಬಳೇ ಜೀಕಿ ಜೀಕಿ ಇಬ್ಬರನ್ನೂ ಟೊಂಗೆಯ ಎತ್ತರಕ್ಕೆ ಒಯ್ದಳು. ನಾನು ಹಗ್ಗ ಹಿಡಿದು ಕಂಬದಂತೆ ನಿಂತು ಅಳುತ್ತಿದ್ದೆ. ಕೆಳಗಿದ್ದವರು ನಾನು ಹೆದರಿದ್ದೇನೆಂದುಕೊಂಡರು. ಜೋಕಾಲಿಯಿಂದ ಇಳಿಸಿ ಅವ್ವ ಲಂಗ ಸರಿಸಿ ನೋಡಿದಾಗ ಎರಡೂ ಮೊಣಕಾಲು ಬಾತು ಬೆಲ್ಲದ ಅಚ್ಚಿನಂತಾಗಿದ್ದವು.

ಅತ್ತಿ ಒಂದು ದಿನದ ರಜೆ ಹಾಕಿ ನನ್ನನ್ನು ಬೆಳಗಾವಿಗೆ ಕರೆದುಕೊಂಡು ಹೋದಳು. ಎಲುಬಿನ ಡಾಕ್ಟರು ನನ್ನ ಕಾಲನ್ನು ಮಡಿಸಿ, ಬಿಚ್ಚಿ, ಏನು ಮಾಡುತ್ತಿದ್ದಿ ಎಂದು ಕೇಳಿದರು. ನಾನು ಎಲ್ಲ ಹೇಳಿದೆ, ಕತ್ತಲ ಕೋಣೆಯದ್ದನ್ನೂ ಹೇಳಿದೆ. ಎಲುಬು ಬೆಳೆಯುವ ವಯಸ್ಸಿನಲ್ಲಿ ಹೀಗೆ ಆಗುವುದುಂಟು, ಒಂದಷ್ಟು ಕಾಲ ವಿಶ್ರಾಂತಿ ಬೇಕು ಎಂದರು. ಆಮೇಲೆ ಅತ್ತಿಯ ಕಡೆ ತಿರುಗಿ ಕೇಳಿದರು:

“ಇದನ್ನ ಕಲಿಸಿದವ್ರು ಯಾರ್ರಿ?”

“ನಾನ ಕಲಿಸೀನ್ರಿ. ಸಾಲ್ಯಾಗೂ ಎಲ್ಲಾರಿಗೂ ಇದನ್ನ ಮಾಡಸ್ತೀನ್ರಿ.”

“ಎಲ್ಲಾರಿಗೂ ಒಂದನ?”

ಅತ್ತಿ ಬಗ್ಗಿ ನನ್ನ ಚಪ್ಪಲಿಯನ್ನು ಕಾಲಿಗೆ ತೊಡಿಸಿದಳು. ತಿರುಗಿ ಬರುವಾಗ ರೈಲಿನ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದಳು. ಹೊಟ್ಟೆನೋವೆಂದು ನೆರಳಿಗೆ ಹೋಗಿ ಕೂರುವ ಹುಡುಗಿಯರನ್ನು ತಾನು ಆಲಸಿಗಳೆಂದು ಬೈಯುತ್ತಿದ್ದದ್ದನ್ನು ಹೇಳಿದಳು. ಅವರಲ್ಲಿ ಎಷ್ಟು ಜನರಿಗೆ ಖರೇನೇ ನೋವಿತ್ತೋ ಎಂದಳು. ನನಗೆ ಅವಳ ದುಃಖ ಅರ್ಥವಾಯಿತು. ಆದರೆ ಆ ದಿನ ನನ್ನ ಮನಸ್ಸು ಹಬ್ಬದಲ್ಲಿತ್ತು. ಅತ್ತಿ ನನ್ನ ಕೈ ಹಿಡಿದು ಬೆಳಗಾವಿಯ ರಸ್ತೆ ದಾಟಿಸಿದ್ದಳು. ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಮಿಸಳ ತಿನ್ನಿಸಿದ್ದಳು. ಇಡೀ ದಿನ ಸುವಿಯ ಹೆಸರು ಬಂದಿರಲಿಲ್ಲ. ಮೊಣಕಾಲು ಬೇಗ ವಾಸಿಯಾಗದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ವಾಸಿಯಾಯಿತು. ಆಮೇಲೆ ಅತ್ತಿ ನನಗೆಂದೇ ಬೇರೆ ಸಾಮು ಹುಡುಕತೊಡಗಿದಳು. ಅವಳಿಗೂ ಗೊತ್ತಿರಲಿಲ್ಲ ಏನು ಒಗ್ಗುತ್ತದೆಂದು. ಗೋಡೆಗೆ ಕೈ ಕೊಟ್ಟು ದಂಡ ಹೊಡೆಸಿದಳು, ಮುಂಗೈ ನೊಂದಿತು. ಹಗ್ಗ ಜಿಗಿಸಿದಳು, ಮೊಣಕಾಲು ಮತ್ತೆ ಸಿಡಿಯಿತು, ಅವತ್ತೇ ಹಗ್ಗವನ್ನು ಸುತ್ತಿ ಅಟ್ಟಕ್ಕೆಸೆದಳು. ಹಗುರವಾದ ಕಲ್ಲನ್ನು ತಲೆಯ ಮೇಲೆ ಎತ್ತಿಸಿದಳು. ಹೆಗಲಿನ ಕೀಲು ಕಟಕಟ ಅಂದಿತು. ಪ್ರತಿ ಮುಂಜಾನೆ ಹಲ್ಲುಜ್ಜುವಾಗ ಬಾವಿಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು, ನಿನ್ನೆ ಮಾಡಿದ್ದು ಇವತ್ತು ಎಲ್ಲಿ ನೋಯುತ್ತಿದೆ ಎಂದು ಕೇಳುವಳು. ಮಾಂಸದಲ್ಲಿ ನೋವಿದ್ದರೆ ಇರಲಿ, ಅದು ಹೋಗುತ್ತದೆ. ಸಂದಿಯಲ್ಲಿ ನೋವಿದ್ದರೆ ಅದನ್ನು ಬಿಡಬೇಕು. ಇಷ್ಟೇ ಅವಳ ಲೆಕ್ಕ. ಒಮ್ಮೊಮ್ಮೆ ನಾನು ಅವಳನ್ನು ಖುಷಿಪಡಿಸಲೆಂದು ನೋವಿದ್ದರೂ ಇಲ್ಲವೆಂದರೆ, ಬೆರಳಿನಿಂದ ಅದೇ ಜಾಗವನ್ನು ಒತ್ತಿ ನನ್ನ ಮುಖ ನೋಡುತ್ತಿದ್ದಳು. ಆ ಹೊತ್ತು ಸುವಿ ಹಿತ್ತಲಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಗುಂಡು ಎಸೆಯುತ್ತಿದ್ದಳು. ಧಪ್ಪೆಂದು ಬಿದ್ದ ಸದ್ದಿಗೆ ಅತ್ತಿಯ ಕತ್ತು ಆ ಕಡೆ ತಿರುಗುತ್ತಿತ್ತು. ಎಷ್ಟು ದೂರ ಬಿತ್ತೆಂದು ನೋಡಿಕೊಂಡು ಮತ್ತೆ ನನ್ನ ಕಡೆ ಬರುತ್ತಿತ್ತು. ಆ ಕತ್ತು ತಿರುಗುವುದನ್ನು ನಾನು ಸಹಿಸುತ್ತಿರಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅವ್ವನ ರಟ್ಟೆ ಹಿಡಿದುಕೊಂಡಿತ್ತು. ಹಂಡೆ, ಕೊಡ, ಗಡಿಗೆ ಎಲ್ಲ ತೊಳೆದು ಸುಣ್ಣದ ಗೆರೆ ಎಳೆದು ಸಾಲಾಗಿಟ್ಟಿದ್ದರು. ಸುವಿ ಹಗ್ಗ ಹಿಡಿದಳು. ನಾಲ್ಕು ಕೊಡಕ್ಕೇ ಅಂಗೈ ಕೆಂಪಾಗಿ, ಉಸಿರು ಬಿಟ್ಟು, ಅಕ್ಕ ಎಳೆಯಲಿ ಎಂದು ಕೂತಳು. ನಾನು ಎಳೆಯತೊಡಗಿದೆ. ನನ್ನ ಕೈ ಉದ್ದ. ಒಂದು ಕೈ ಮೇಲೆ ಇನ್ನೊಂದು ಕೈ ಹೋದಂತೆ ಹಗ್ಗ ಬರುತ್ತಿತ್ತು, ಕೊಡ ಬರುತ್ತಿತ್ತು, ಅವ್ವ ಬಗ್ಗಿಸುತ್ತಿದ್ದಳು. ಏನೋ ಒಂದು ಹದ ಸಿಕ್ಕಂತಾಗಿ ನಾನು ಸುತ್ತಲಿನದ್ದನ್ನು ಮರೆತೆ. ಹಂಡೆ ತುಂಬಿತು, ಕೊಡಗಳು ತುಂಬಿದವು, ಆಯಿ ತನ್ನ ಪೂಜೆಯ ತಂಬಿಗೆ ತಂದಳು, ಅದೂ ತುಂಬಿತು. ತಿರುಗಿ ನೋಡಿದರೆ ಅತ್ತಿ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹತ್ತಿರ ಬಂದು ನನ್ನ ತೋಳು, ಹೆಗಲು, ಬೆನ್ನು ಮುಟ್ಟಿ ನೋಡಿದಳು.

“ನಿಂದು ಎಳಿಯೂ ಮೈ ಐತಿ, ಗಿರಿಜಾ. ಅಕಿದು ನೂಕೂ ಮೈ. ನಾ ನಿನ್ನ ಕಡೆ ಬರೇ ನೂಕಸಾಕತ್ತಿದ್ದೆ.”

ಅಲ್ಲಿಂದ ಮುಂದೆ ನನ್ನ ಸಾಮು ಬೇರೆಯಾಯಿತು. ಸೌದೆ ಒಟ್ಟುವ ಚಪ್ಪರದ ತೊಲೆಗೆ ಜೋತುಬೀಳುವುದು, ಮೊದಲು ಬರೀ ಜೋತು, ಆಮೇಲೆ ಗಲ್ಲವನ್ನು ತೊಲೆಯವರೆಗೆ ಒಯ್ಯುವುದು. ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು ಬೆನ್ನು ನೆಟ್ಟಗೆ ಮಾಡಿ ಹಿತ್ತಲ ಉದ್ದಕ್ಕೂ ನಡೆಯುವುದು. ಬಸ್ಕಿಯ ಬದಲು ಅಪ್ಪನ ಕುರ್ಚಿಯ ಮೇಲೆ ನಿಧಾನವಾಗಿ ಕೂತು ನಿಧಾನವಾಗಿ ಏಳುವುದು. ಒಂದು ದಿನ ಮಾಡಿದರೆ ಮರುದಿನ ಏನೂ ಇಲ್ಲ. ಆ ಬಿಡುವಿನ ದಿನ ನನಗೆ ಶಿಕ್ಷೆಯಾಗಿತ್ತು. ಸುವಿ ದಿನಾ ಮಾಡುತ್ತಿದ್ದಳು, ದಿನಾ ಮಾಡಿದಷ್ಟೂ ಅವಳ ಮೈ ಅರಳುತ್ತಿತ್ತು. ನನ್ನದು ಬಿಟ್ಟು ಬಿಟ್ಟು ಮಾಡಿದರೆ ಮಾತ್ರ ಒಪ್ಪುತ್ತಿತ್ತು. ಮೈಗಳು ಹೀಗೆ ಬೇರೆ ಬೇರೆ ಇರುವುದು ಯಾಕೆ ಎಂದು ಒಮ್ಮೆ ಆಯಿಯನ್ನು ಕೇಳಿದೆ. ಅವಳು ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದವಳು ಕಣ್ಣು ತೆರೆಯದೆ, ಸುಮ್ಮನೆ ಕೂತುಕೊಳ್ಳುವುದನ್ನು ಕಲಿ ಎಂದಳು. ಪೂಜೆಯ ವೇಳೆಯಲ್ಲಿ ಮಾತಾಡಿಸಿದ್ದಕ್ಕೆ ಬೈದಳೋ, ನಿಜಕ್ಕೂ ಉತ್ತರ ಕೊಟ್ಟಳೋ ಗೊತ್ತಾಗಲಿಲ್ಲ. ಮುಂದಿನ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಬೆನ್ನು ನೆಟ್ಟಗಾಗಿತ್ತು. ಮೆಟ್ಟಿಲು ಇಳಿಯುವಾಗ ಮೊಣಕಾಲು ಸುಮ್ಮನಿರುತ್ತಿತ್ತು. ಓಣಿಯವರು ಅದನ್ನು ನೋಡಲಿಲ್ಲ, ಏಕೆಂದರೆ ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಸುವಿಯದ್ದನ್ನು ಎಲ್ಲರೂ ನೋಡಿದರು. ಅವಳು ಹೈಸ್ಕೂಲು ಸೇರಿದ ವರ್ಷ ಬೆಳಗಾವಿಯಲ್ಲಿ ಶಾಲೆಗಳ ಆಟೋಟ ನಡೆಯಿತು. ಹೊರಡುವ ಮುಂಜಾನೆ ಆಯಿ ಅವಳನ್ನು ಎದುರಿಗೆ ಕೂರಿಸಿಕೊಂಡು ಹಣೆಗೆ ವಿಭೂತಿ ಹಚ್ಚಿದಳು, ಆಮೇಲೆ ರವಿಕೆಯ ತೋಳು ಸರಿಸಿ ಬಲಹೆಗಲಿಗೂ ಹಚ್ಚಿದಳು. ನಮ್ಮ ಮನೆಯಲ್ಲಿ ಹೆಗಲಿಗೆ ವಿಭೂತಿ ಹಚ್ಚಿಸಿಕೊಂಡವರು ಯಾರೂ ಇರಲಿಲ್ಲ. ಮೈದಾನದಲ್ಲಿ ಅವಳ ಚಪ್ಪಲಿ, ಅವಳ ನೀರಿನ ಬಾಟಲಿ ಹಿಡಿದು ನಾನು ಕೂತಿದ್ದೆ. ಅವಳು ಗುಂಡನ್ನು ಕತ್ತಿನ ಬದಿಗೆ ಒತ್ತಿಕೊಂಡು ನಿಂತಾಗ, ಹತ್ತಿರವೇ ಬೀಳಲಿ ಎಂದು ನನ್ನ ಮನಸ್ಸು ಅಂದಿತು. ಅದು ದೂರ ಹೋಗಿ ಬಿತ್ತು. ಗೆರೆ ಎಳೆದು ನಿಂತಿದ್ದವರು ಹಿಂದೆ ಸರಿದರು. ಅತ್ತಿ ಓಡಿಹೋಗಿ ಅವಳನ್ನು ಎತ್ತಿಕೊಂಡಳು, ಅಷ್ಟು ದೊಡ್ಡ ಹುಡುಗಿಯನ್ನು. ಅತ್ತಿಯ ಕೊರಳ ಸೀಟಿ ಇಬ್ಬರ ನಡುವೆ ಸಿಕ್ಕಿ ಸುವಿಯ ಗಲ್ಲದ ಮೇಲೆ ಗುರುತಾಯಿತು. ಸುವಿ ಅತ್ತಿಯ ಹೆಗಲ ಮೇಲಿಂದ ನನ್ನನ್ನೇ ಹುಡುಕಿ ಕೈಬೀಸಿದಳು. ನಾನು ಬಾಟಲಿ ಎತ್ತಿ ತೋರಿಸಿದೆ.

ಆ ಸಂಜೆ ರೈಲಿನಲ್ಲಿ ಸುವಿ ಬಹುಮಾನದ ಬಟ್ಟಲನ್ನು ತಬ್ಬಿಕೊಂಡು ನಿದ್ದೆಹೋದಳು. ನಾನು ಅತ್ತಿಯನ್ನು ಕೇಳಿದೆ, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ.

“ಅತ್ತಿ, ನಂದು ಯಾವ ಆಟ?”

ನನ್ನನ್ನು ಸಮಾಧಾನಪಡಿಸಲು ಸುಳ್ಳು ಹೇಳಬಹುದಿತ್ತು, ಅವಳು ಅಂಥವಳಲ್ಲ.

“ನಿಂದಕ್ಕ ಆಟ ಇಲ್ಲವ್ವಾ. ಬಟ್ಟಲಾನೂ ಇಲ್ಲ. ಆದ್ರ ನಿಂದು ಭಾಳ ವರ್ಷ ಬರತೈತಿ. ಬಿಡಬ್ಯಾಡ.”

ಅದು ನನಗೆ ಬೇಕಾಗಿದ್ದ ಉತ್ತರವಲ್ಲ. ಮುಖ ತಿರುಗಿಸಿ ಕೂತೆ. ಆದರೆ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಈಗ ಯೋಚಿಸಿದರೆ, ಅದರಲ್ಲಿ ಅತ್ತಿಯ ಮೇಲಿನ ಪ್ರೀತಿ ಅರ್ಧ, ತಂಗಿಯ ಮೇಲಿನ ಹೊಟ್ಟೆಕಿಚ್ಚು ಅರ್ಧ. ಸುವಿ ಒಂದು ದಿನ ನಿಲ್ಲಿಸುತ್ತಾಳೆ, ಅವತ್ತು ನಾನು ಇನ್ನೂ ಮಾಡುತ್ತಿರಬೇಕು ಎಂಬ ಹಟ. ಮದುವೆಯಾಗಿ ಬೆಳಗಾವಿಗೆ ಬಂದೆ, ಬಾಡಿಗೆ ಮನೆಗಳಲ್ಲಿ ಬಾಗಿಲಿನ ಚೌಕಟ್ಟಿಗೆ ಜೋತುಬಿದ್ದೆ, ಮಕ್ಕಳನ್ನು ಹೆತ್ತೆ, ಮತ್ತೆ ಜೋತುಬಿದ್ದೆ. ಮಹಾಂತೇಶ ನಗರದಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಮಾಳಿಗೆಯ ಮೇಲೆ ನೀರಿನ ಟಾಕಿಯ ಎರಡು ಕಂಬಗಳ ನಡುವೆ ಕಬ್ಬಿಣದ ಪೈಪೊಂದನ್ನು ಹಾಕಿಸಿದೆ. ಗೌಂಡಿ ಅದು ಬಟ್ಟೆ ಒಣಗಿಸಲಿಕ್ಕೆಂದು ತಿಳಿದು ತೀರಾ ತಗ್ಗಿನಲ್ಲಿ ಹಾಕಿದ್ದ. ಕೀಳಿಸಿ ಮತ್ತೆ ಹಾಕಿಸಬೇಕಾಯಿತು. ಸುವಿಗೆ ಆಟದ ಮೇಲೆಯೇ ನೌಕರಿ ಸಿಕ್ಕಿತು. ಊರೂರು ತಿರುಗಿದಳು, ಗುಂಡು ಬಿಟ್ಟಳು, ಕುರ್ಚಿಯ ಕೆಲಸಕ್ಕೆ ಬಂದಳು. ಅತ್ತಿ ತೀರಿಕೊಂಡಾಗ ನಾವಿಬ್ಬರೂ ಖಾನಾಪುರದ ಆ ಉದ್ದನೆಯ ಮನೆಯಲ್ಲಿ ಅಕ್ಕಪಕ್ಕ ಕೂತು ಅತ್ತೆವು. ಅವಳ ಅಳು ನನ್ನದಕ್ಕಿಂತ ಜೋರಾಗಿತ್ತು. ಅಲ್ಲೂ ನಾನು ಅದನ್ನು ಗಮನಿಸಿದೆ.

ಹೋದ ವರ್ಷ ಸುವಿ ಬೆಳಗಾವಿಗೆ ಬಂದು ನೆಲೆಸಿದಳು. ಸಕ್ಕರೆ ಕಾಯಿಲೆ ಬಂದಿತ್ತು, ಭಾರ ಎತ್ತುವ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದರು. ಜಿಮ್ಮಿಗೆ ಹೋದಳು. ಅಲ್ಲಿನ ಹುಡುಗ ಎಲ್ಲರಿಗೂ ಕೊಡುವ ಚಾರ್ಟನ್ನೇ ಇವಳಿಗೂ ಕೊಟ್ಟ. ವಾರದಲ್ಲಿ ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದು ನನ್ನ ಮನೆಯ ಮೆಟ್ಟಿಲು ಹತ್ತಿ ಬಂದವಳು ಪೈಪಿಗೆ ಜೋತುಬಿದ್ದಿದ್ದ ನನ್ನನ್ನು ನೋಡುತ್ತಾ ನಿಂತಳು.

“ಅಕ್ಕಾ, ನನಗೂ ಕಲಿಸು.”

ಜೀವಮಾನವೆಲ್ಲ ಕಾದಿದ್ದ ಮಾತು ಅದು. ನಾನು ಮಹಾ ಗಂಭೀರಳಾಗಿ ನನ್ನ ಸಾಮನ್ನೇ ಅವಳಿಗೆ ಹೇಳಿಕೊಟ್ಟೆ: ಜೋತುಬೀಳು, ಎಳೆ, ಒಂದು ದಿನ ಬಿಡು. ಅವಳ ಹೆಗಲು ಎರಡೇ ದಿನಕ್ಕೆ ನೊಂದಿತು. ಎಲ್ಲಿ ನೋಯುತ್ತದೆ ಎಂದು ಕೇಳಿ ಮುಟ್ಟಿ ನೋಡಿದೆ, ಸಂದಿಯಲ್ಲೇ ಇತ್ತು. ಆಮೇಲೆ ಪೈಪು ಬಿಡಿಸಿ, ಗೋಡೆಗೆ ಕೈ ಕೊಡಿಸಿ ನೂಕಿಸಿದೆ, ಕುರ್ಚಿ ತರಿಸಿದೆ, ಸೊಂಟ ಸುಮ್ಮನಾದ ಮೇಲೆ ಚಿಕ್ಕ ಡಂಬೆಲ್ ಕೊಟ್ಟು ಹೆಗಲಿನಿಂದ ಮೇಲಕ್ಕೆ ಎತ್ತಿಸಿದೆ. ಅವಳ ಮೈ ಮರೆತದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡಿತು. ಮಳೆಗಾಲ ಬರುವಷ್ಟರಲ್ಲಿ ಅವಳ ಸಕ್ಕರೆ ಇಳಿದಿತ್ತು, ಮತ್ತು ಅವಳು ಎತ್ತುವ ಡಂಬೆಲ್ಲನ್ನು ನನ್ನಿಂದ ಎತ್ತಲಾಗುತ್ತಿರಲಿಲ್ಲ.

ಮೊನ್ನೆ ಖಾನಾಪುರದಿಂದ ಅಕ್ಕಿಯ ಚೀಲ ಬಂತು. ಗೇಟಿನ ಬಳಿ ಇಳಿಸಿ ಹೋಗಿದ್ದರು. ಮಗ ಮೇಲಕ್ಕೆ ಹೊರಲು ಯಾರನ್ನಾದರೂ ಕರೆಯಲೆಂದು ಫೋನು ಹುಡುಕುತ್ತಿದ್ದ. ಅಷ್ಟರಲ್ಲಿ ಸಾಮಿಗೆಂದು ಬಂದಿದ್ದ ಸುವಿ ಚೀಲದ ಎರಡು ಕಿವಿ ಹಿಡಿದು, ಮೊಣಕಾಲಿನ ಮೇಲೆ ತಂದುಕೊಂಡು, ಹೆಗಲಿಗೆ ಏರಿಸಿ, ಮೆಟ್ಟಿಲು ಹತ್ತಿ ಹೋದಳು. ನನ್ನ ಸೊಸೆ ಅಡಿಗೆಮನೆಯಿಂದ ಹೊರಗೆ ಬಂದು, ಚಿಕ್ಕತ್ತಿಯವರು ಎಷ್ಟು ಗಟ್ಟಿ ಇದ್ದಾರೆ ಎಂದು ನನಗೇ ಹೇಳಿದಳು. ದಿನ ಬಿಟ್ಟು ದಿನ ನಾನು ಪೈಪಿಗೆ ಜೋತುಬೀಳುವುದನ್ನು ಕಂಡವಳು. ಒಮ್ಮೆಯೂ ನನಗೆ ಆ ಮಾತು ಹೇಳಿರಲಿಲ್ಲ. ಹೊಟ್ಟೆಯಲ್ಲಿ ಹಳೆಯ ಕಾವು ಎದ್ದಿತು, ಒಂದಿಷ್ಟೂ ಮುಪ್ಪಾಗದೆ.

ಸುವಿ ಹೊರಟುಹೋದ ಮೇಲೆ ಮಾಳಿಗೆಗೆ ಹೋದೆ. ಡಂಬೆಲ್ಲುಗಳು ಗೋಡೆಯ ಬದಿಗೆ ಸಾಲಾಗಿದ್ದವು. ಅವಳಿಗೆ ಈಗಿನದ್ದೇ ಇನ್ನೊಂದು ತಿಂಗಳು ಸಾಕು ಎಂದರೆ ಅವಳು ನಂಬುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಅವಳು ನಂಬುತ್ತಾಳೆ. ಸ್ವಲ್ಪ ಹೊತ್ತು ಅವುಗಳನ್ನು ನೋಡುತ್ತಾ ನಿಂತೆ. ಆಮೇಲೆ ಅವಳು ಈಗ ಎತ್ತುವುದಕ್ಕಿಂತ ಭಾರದ್ದನ್ನು ಎರಡೂ ಕೈಯಿಂದ ಎಳೆದು ತಂದು ಅವಳು ನಿಲ್ಲುವ ಜಾಗದಲ್ಲಿಟ್ಟೆ.